ಮೂರು ನಿಮಿಷ ತಾಯಿ ಹೊರಗಿರಬೇಕು

ಮಗು ಯಾರನ್ನು ಎಷ್ಟು ಹಚ್ಚಿಕೊಂಡಿದೆ ಎಂದು ಗಡಿಯಾರ ಹಿಡಿದು ನೋಡಲು ಹೊರಟವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ.

ನನ್ನ ಎಂ.ಎಸ್ಸಿ. ಪ್ರಾಜೆಕ್ಟ್ ಅದೇ. ವಿಧಾನ ಸರಳ. ತಾಯಿ ಮೂರು ನಿಮಿಷ ಹೊರಗೆ ಹೋಗಬೇಕು, ಅಪರಿಚಿತಳಾದ ನಾನು ಮಗುವಿನ ಜೊತೆ ಇರಬೇಕು. ಪುಸ್ತಕದ ಪ್ರಕಾರ ಮಗು ಅಳುತ್ತದೆ, ತಾಯಿ ಬಂದೊಡನೆ ಸುಮ್ಮನಾಗುತ್ತದೆ. ಹತ್ತು ಮಕ್ಕಳನ್ನು ನೋಡದೆ ವರದಿ ತರಬೇಡ ಎಂದಿದ್ದರು ಗೈಡ್. ಒಪ್ಪಿದ್ದು ಮೂರೇ ಮನೆ.

೧

ಸುಂಟಿಕೊಪ್ಪದ ಮನೆಯವರಿಗೆ, ಕೋಣೆಯಲ್ಲಿ ತಾಯಿ, ಮಗು ಇಬ್ಬರೇ ಇರಲಿ ಎಂದು ಫೋನಿನಲ್ಲೇ ಹೇಳಿದ್ದೆ. ಹೋಗಿ ನೋಡಿದರೆ ಏಳು ಜನ. ತಾಯಿ ಎದ್ದು ಹೊರಗೆ ಹೋದಳು. ಮಗು ಅಜ್ಜಿಯ ಮಡಿಲಿನಿಂದ ಅತ್ತೆಯ ಮಡಿಲಿಗೆ ಹೋಯಿತು, ಅಷ್ಟೇ.

“ಅಜ್ಜಿ, ನೀವೆಲ್ಲ ಹೊರಗೆ ಹೋಗಬೇಕು.”

“ಮಗು ಹೆದರಲ್ವಾ?”

“ಹೆದರುತ್ತದಾ ಅಂತ ನೋಡೋಕೇ ಬಂದಿರೋದು.”

“ಅದಕ್ಕೆ ಇಷ್ಟು ಓದಬೇಕಿತ್ತಾ ಮಗಳೇ? ಇದರ ಮಾವ ಒಂದು ಸಲ ಕೆಮ್ಮಿದರೆ ಸಾಕು.”

೨

ಚೆಟ್ಟಳ್ಳಿಯ ಕಾಫಿ ಎಸ್ಟೇಟ್ ಒಂದರಲ್ಲಿ ಕೂಲಿಯವರ ಲೈನ್ ಮನೆ. ಇಲ್ಲಿ ಬೇರೆ ಯಾರೂ ಇರಲಿಲ್ಲ. ತಾಯಿ ಹೋದಳು, ಬಂದಳು. ಮಗು ಎರಡು ಸಲವೂ ತಲೆ ಎತ್ತಲಿಲ್ಲ.

“ಏನು ಬರೆದ್ರಿ ಮೇಡಂ?”

“ನೀವು ಹೋದಾಗ ಮಗು ಅಳಲಿಲ್ಲ ಅಂತ.”

ಅವಳ ಮುಖ ಸಪ್ಪಗಾಯಿತು. “ನಾನು ದಿನಾ ಕಾಫಿ ಪಿಕ್ಕಿಂಗ್‌ಗೆ ಹೋಗಬೇಕು. ಅಳದೆ ಪಕ್ಕದ ಮನೆಯಲ್ಲಿ ಇರೋಕೆ ಕಲಿಸೋಕೆ ಆರು ತಿಂಗಳು ಹಿಡೀತು. ಅದಕ್ಕೆ ನಿಮ್ಮಲ್ಲಿ ಮಾರ್ಕ್ ಇಲ್ವಾ?”

ಪುಸ್ತಕ ತಿರುವಿ ನೋಡಿದೆ. ಇರಲಿಲ್ಲ.

೩

ಗೋಣಿಕೊಪ್ಪಲಿನ ಹತ್ತಿರದ ಮನೆಯಲ್ಲಿ ಎಲ್ಲ ಸರಿಯಿತ್ತು. ಖಾಲಿ ಕೋಣೆ, ಒಂದು ಬಾಗಿಲು, ಎಂಟು ತಿಂಗಳ ಮಗು. ಮೂರು ನಿಮಿಷ ಬಿಟ್ಟು ಬನ್ನಿ ಎಂದೆ. ತಾಯಿ ಹೋದಳು.

ಮೂರು ನಿಮಿಷ ಆಯಿತು. ಹತ್ತಾಯಿತು. ಮಗು ನನ್ನ ಮಡಿಲೇರಿ ಪೆನ್ನು ಚೀಪತೊಡಗಿತು. ಮುಕ್ಕಾಲು ಗಂಟೆಯ ಮೇಲೆ ತಾಯಿ ಬಂದಳು, ತಲೆಗೆ ಟವೆಲ್ ಸುತ್ತಿಕೊಂಡು.

“ಮಗು ಹುಟ್ಟಿದ ಮೇಲೆ ಇವತ್ತೇ ಮೇಡಂ ಎಣ್ಣೆ ಹಚ್ಚಿ ನೆಮ್ಮದಿಯಾಗಿ ತಲೆ ಮಿಂದದ್ದು.”

ಆ ಟವೆಲ್ ನೋಡಿ ಮಗು ಕಿರುಚಿ ನನ್ನ ಕುತ್ತಿಗೆ ತಬ್ಬಿಕೊಂಡಿತು. ಕೊನೆಗೂ ಒಂದು ಮಗು ಅತ್ತಿತು, ತಾಯಿ ಬಂದದ್ದಕ್ಕೆ.

ಇನ್ನು ಏಳು ಮಕ್ಕಳನ್ನು ಎಲ್ಲಿಂದ ತರಲಿ ಎಂದುಕೊಂಡು, ಅಕ್ಕಪಕ್ಕದಲ್ಲಿ ಯಾರಾದರೂ ಒಪ್ಪುತ್ತಾರಾ ಎಂದು ಕೇಳಲು ಮಾರನೆಯ ಬೆಳಿಗ್ಗೆ ಅದೇ ಮನೆಗೆ ಹೋದೆ. ಜಗಲಿಯ ಮೇಲೆ ಒಂಬತ್ತು ತಾಯಂದಿರು, ಒಂಬತ್ತು ಮಕ್ಕಳು. ಎಲ್ಲರ ಕೈಯಲ್ಲೂ ಖಾಲಿ ಚೀಲ.

“ಮೂರು ನಿಮಿಷದಲ್ಲಿ ಏನು ಗೊತ್ತಾಗುತ್ತೆ ಮೇಡಂ?” ಎಂದಳು ಒಬ್ಬಳು, ಮಗುವನ್ನು ನನ್ನ ಕೈಗಿಡುತ್ತಾ. “ನಾವು ಸಂತೆ ಮುಗಿಸಿ ಬರ್ತೇವೆ, ನೀವು ನಿಧಾನಕ್ಕೆ ನೋಡಿ.”