ದೊರೆಸಾನಿಯ ಲೊಟಲೊಟ

ಚಕ್ರ ಕಳಚಿ ಬೀಳುತ್ತದೆ. ಹಿಂದಿನದು, ಎಡಗಡೆಯದು. ಇದು ನನ್ನ ಊಹೆಯಲ್ಲ, ಖಚಿತ ಮಾಹಿತಿ. ಯಾವ ದಿನ ಬೀಳುತ್ತದೆ ಎಂಬುದೊಂದು ಮಾತ್ರ ತಿಳಿಯದೆ ಮೂರು ವಾರ ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮಗುವಿಗೆ ಸ್ನಾನ ಮಾಡಿಸುವಾಗ ಚಕ್ರ, ಬಟ್ಟೆ ಮಡಿಸುವಾಗ ಚಕ್ರ, ಹಾಲು ಕಾಯಿಸುವಾಗ ಚಕ್ರ (ಹಾಲು ಎರಡು ಸಲ ಉಕ್ಕಿತು, ಪಾತ್ರೆ ಒಂದು ಸಲ ಸೀದಿತು). ಕಣ್ಣು ಮುಚ್ಚಿದರೆ ಸಾಕು, ಆ ಚಕ್ರ ನಮ್ಮನ್ನೆಲ್ಲ ಕಾರಿನಲ್ಲೇ ಬಿಟ್ಟು ತಾನೊಂದೇ ರಸ್ತೆಯಲ್ಲಿ ನೆಟ್ಟಗೆ ಉರುಳಿಕೊಂಡು ಹೋಗುತ್ತಿತ್ತು.

ಚಕ್ರದ ಒಡತಿಯನ್ನು ಪರಿಚಯಿಸಿಬಿಡುತ್ತೇನೆ. ಯುರೋಪಿನಲ್ಲಿ ಹುಟ್ಟಿದ, ಮೂವತ್ತೆಂಟು ವರ್ಷ ತುಂಬಿದ, ಬೆಣ್ಣೆ ಬಣ್ಣದ ಕಾರು. ದುಂಡು ದೀಪಗಳು, ಮುಂದೆ ಹೊಳೆಯುವ ಬಂಪರು, ಒಳಗೆ ಹಳೆಯ ಪುಸ್ತಕದ ವಾಸನೆ. ನನ್ನ ಗಂಡ ಅದನ್ನು ಕೊಂಡದ್ದು ನಮ್ಮ ಮದುವೆಗೂ ಮುಂಚೆ. ಹಾಗಾಗಿ ಲೆಕ್ಕಕ್ಕೆ ಅದು ಹಿರಿಯ ಸೊಸೆ, ನಾನು ಕಿರಿಯಳು. ಅದರ ಸೆಡವು ನೋಡಿ ನಾನು ವ್ಯಂಗ್ಯಕ್ಕೆ ‘ದೊರೆಸಾನಿ’ ಎಂದೆ. ಇವರು ಅದನ್ನು ಬಿರುದೆಂದು ಸ್ವೀಕರಿಸಿ ಎಲ್ಲರಿಗೂ ಹೇಳಿಕೊಂಡು ಬಂದರು.

ಇವರು ದೊರೆಸಾನಿಯನ್ನು ‘ಸ್ಟಾರ್ಟ್’ ಮಾಡುವುದಿಲ್ಲ, ‘ಎಬ್ಬಿಸುತ್ತಾರೆ’. ಚಳಿಯಿದ್ದರೆ ಎಂಜಿನ್ನಿಗೆ ಕಂಬಳಿ ಹೊದಿಸುತ್ತಾರೆ. ಅದರ ಒಂದೊಂದು ತಿರುಪಿನ ಹೆಸರನ್ನೂ ಎರಡು ಪರಭಾಷೆಗಳಲ್ಲಿ ಒಪ್ಪಿಸಬಲ್ಲರು. ಆದರೆ ಡಯಾಪರಿನ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂಬುದು ಒಂಬತ್ತು ತಿಂಗಳಾದರೂ ಅವರಿಗೆ ಬಗೆಹರಿದಿಲ್ಲ.

ಸದ್ದು ಶುರುವಾದದ್ದು ಪುಟ್ಟಿಗೆ ಲಸಿಕೆ ಹಾಕಿಸಿದ ದಿನ. ಹೋಗುವಾಗ ಹಿಂದಿನ ಸೀಟಿನಲ್ಲಿ ನನ್ನ ಮಡಿಲ ತುಂಬ ಹಾಲು ಕಕ್ಕಿದಳು. ಆಸ್ಪತ್ರೆಯ ಮುಂದೆ ಇಳಿದು, ಡಿಕ್ಕಿ ತೆಗೆದು, ಕೈಗೆ ಸಿಕ್ಕ ಬಟ್ಟೆ ಎಳೆದು ಒರೆಸಿದೆ. (ಕಾರಿನ ಹಿಂದಿನ ಪೆಟ್ಟಿಗೆಗೂ ಡಿಕ್ಕಿ, ಅಪಘಾತಕ್ಕೂ ಡಿಕ್ಕಿ. ಈ ಹೆಸರಿಟ್ಟ ಮಹಾನುಭಾವರು ಸಿಕ್ಕರೆ ನನಗೆ ಹೇಳಿ.) ವಾಪಸು ಬರುವಾಗ ಮೊದಲ ಎಡತಿರುವಿನಲ್ಲೇ ಬೆನ್ನ ಹಿಂದಿನಿಂದ ಸದ್ದು ಬಂತು.

"ರೀ, ಏನದು ಸದ್ದು?"

"ಯಾವುದು?"

"ಎಡಕ್ಕೆ ತಿರುಗಿಸಿದಾಗ ಬಂತಲ್ಲ!"

"ವಯಸ್ಸಾದವಳು, ತಿರುವಲ್ಲಿ ಸ್ವಲ್ಪ ಗೊಣಗ್ತಾಳೆ. ನಮ್ಮಮ್ಮ ಮೆಟ್ಟಿಲು ಹತ್ತುವಾಗ ಗೊಣಗಲ್ವಾ?"

"ನಿಮ್ಮಮ್ಮನಿಗೆ ಚಕ್ರ ಇಲ್ಲ!"

ಆ ದಿನದಿಂದ ನಮ್ಮ ಮನೆಯವರ ದಿಕ್ಕೇ ಬದಲಾಯಿತು. ಎಡಕ್ಕೆ ತಿರುಗುವುದನ್ನು ನಾನು ನಿಷೇಧಿಸಿದೆ. ತರಕಾರಿ ಅಂಗಡಿ ಎಡಕ್ಕಿದ್ದರೂ ಬಲಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ ತಿರುಗಿ ಪ್ರದಕ್ಷಿಣೆ ಹಾಕಿಕೊಂಡು ಹೋದೆವು. ಆದರೂ ಕೆಲವು ಎಡತಿರುವುಗಳು ತಪ್ಪಲಿಲ್ಲ. ಒಂದೊಂದರಲ್ಲೂ ನಾನು ಪುಟ್ಟಿಯನ್ನು ಅವಚಿಕೊಂಡು ಉಸಿರು ಬಿಗಿಹಿಡಿದೆ. ಕಡೆಗೆ ಇವರೇ ಸೋತು, "ಆಯ್ತು, ಕಿವಿಯಣ್ಣನಿಗೆ ತೋರಿಸೋಣ" ಎಂದರು.

ಕಿವಿಯಣ್ಣ ಅಂದರೆ ದೊರೆಸಾನಿಯ ಆಸ್ಥಾನ ವೈದ್ಯರು. ಹಳೆಯ ಪರದೇಶಿ ಕಾರುಗಳನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟದ ಮೆಕ್ಯಾನಿಕ್ಕು. ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಗಾಡಿ ಓಡಿಸಿ ನೋಡುವ ಪದ್ಧತಿ ಅವರಲ್ಲಿಲ್ಲ. "ಓಡಿಸಿ ನೋಡೋದು ಕಲಿಯೋರ ಕೆಲಸ ಕಣಮ್ಮ. ನನಗೆ ಸದ್ದಿನ ಹೆಸರು ಹೇಳಿ, ಸಾಕು."

"ಹೆಸರಾ?"

"ಹೂಂ. ಲೊಟಲೊಟ ಅಂದ್ರೆ ಬುಶ್ ಸವೆದಿದೆ. ಕಟಕಟ ಅಂದ್ರೆ ಆಕ್ಸಲ್. ಗುಂಯ್ ಅಂದ್ರೆ ಬೇರಿಂಗ್. ಗಡಗಡ ಮಾತ್ರ ಅನ್ಬೇಡಿ. ಗಡಗಡ ಅಂದ್ರೆ ಗೇರ್‌ಬಾಕ್ಸು, ಈ ಗಾಡಿಗೆ ಅದು ಜಗತ್ತಲ್ಲೇ ಸಿಗಲ್ಲ. ಹೇಳಿ, ಯಾವುದು?"

ನಾನು ಬೆವರಿದೆ. ನಾನು ಓದಿದ ನಗರದ ಶಾಲೆಯಲ್ಲಿ ನಾಯಿ ಕೂಡ ಇಂಗ್ಲಿಷಿನಲ್ಲೇ ಬೊಗಳುತ್ತಿತ್ತು. ಕನ್ನಡದಲ್ಲಿ ಯಾವ ವಸ್ತು ಏನೆಂದು ಸದ್ದು ಮಾಡುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣು ಮುಚ್ಚಿ, ಇದ್ದುದರಲ್ಲಿ ಮೆತ್ತಗಿದ್ದುದನ್ನು ಆರಿಸಿದೆ.

"ಲೊಟಲೊಟ."

ಎರಡು ದಿನ ದೊರೆಸಾನಿ ಕಾಲು ಮೇಲೆತ್ತಿಕೊಂಡು ನಿಂತಳು. ಬುಶ್ಶುಗಳೆಲ್ಲ ಹೊಸದಾದವು. ಮನೆಗೆ ತರುವಾಗ ಮೊದಲ ಎಡತಿರುವಿನಲ್ಲೇ ಸದ್ದು ಮತ್ತೆ ಬಂತು. ಮರುವಾರ ಹೋಗಿ "ಕಟಕಟ ಇರಬಹುದು" ಎಂದೆ. ಆಕ್ಸಲ್ ಬಿಚ್ಚಿದರು, ಒರೆಸಿದರು, ಕೂಡಿಸಿದರು. ಸದ್ದು ಅಲ್ಲೇ ಇತ್ತು.

ನಮ್ಮ ಅತ್ತೆಗೆ ಇದೊಂದು ದೊಡ್ಡ ತಮಾಷೆ. "ನೀನೇ ಮಾಡಿ ತೋರಿಸಮ್ಮ ಆ ಸದ್ದನ್ನ. ನಾನು ಹೆಸರು ಹೇಳ್ತೀನಿ."

ನಾನು ಕೆನ್ನೆ ಊದಿಸಿ, ನಾಲಿಗೆ ಹೊರಳಿಸಿ, "ಕ್ಲಿಂಗ್ ಡಗ್ ಡಗ್" ಎಂದೆ.

"ಅಯ್ಯೋ, ಅದು ಕನ್ನಡವೇ ಅಲ್ಲ! ಬಳೆಯಾದ್ರೆ ಝಣಝಣ, ಒಣಗಿದೆಲೆಯಾದ್ರೆ ಪರಪರ, ನಿನ್ನ ಗಂಡನಾದ್ರೆ ಗೊರಗೊರ. ಇದೆಂಥದು ಡಗ್ಗು?"

"ಅಮ್ಮ, ಸುಮ್ನಿರು. ಕಾರಿನ ವಿಷಯ ಸೀರಿಯಸ್ಸಾಗಿದೆ" ಎಂದು ಇವರು ಗದರಿದರು. ಮೂರು ವಾರದಲ್ಲಿ ಇವರ ಮುಖ ಇಳಿದುಹೋಗಿತ್ತು. ತಮ್ಮಂಥದೇ ಹುಚ್ಚಿರುವ ಗೆಳೆಯರಿಗೆಲ್ಲ ಫೋನು ಮಾಡಿ ರೋಗಲಕ್ಷಣ ಹೇಳುತ್ತಿದ್ದರು. ಒಬ್ಬೊಬ್ಬರದೂ ಒಂದೊಂದು ಔಷಧ.

ಮೂರನೆಯ ಸಲ ನಾವೆಲ್ಲ ಗ್ಯಾರೇಜಿಗೆ ಹೋಗುವ ದಾರಿಯಲ್ಲಿ ಎದುರಿಗೊಂದು ಲಾರಿ ಬಂತು. ಇವರು ಸರಕ್ಕನೆ ಎಡಕ್ಕೆ ತಿರುಗಿಸಿದರು. ಹಿಂದಿನಿಂದ ಎಂದೂ ಬಾರದಷ್ಟು ಜೋರಾಗಿ ಸದ್ದು ಬಂತು. ಚಕ್ರ ಹೋಯಿತೆಂದೇ ನಾನು ಕಿರುಚಿದೆ. ನನ್ನ ಕಿರುಚಾಟಕ್ಕೆ ಪುಟ್ಟಿ ಅತ್ತಳು. ಗ್ಯಾರೇಜು ಮುಟ್ಟಿದಾಗ ನನ್ನ ಮಂಡಿಗಳು ಒಂದಕ್ಕೊಂದು ಬಡಿಯುತ್ತಿದ್ದವು.

"ಇವತ್ತು ಹೇಗೆ ಕೇಳಿಸ್ತಮ್ಮ?" ಎಂದರು ಕಿವಿಯಣ್ಣ.

"ಗಡಗಡ" ಎಂದೆ. ನಾನು ಹೇಳಿದ್ದು ನನ್ನ ಮಂಡಿಯ ವಿಷಯ ಎಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಕಿವಿಯಣ್ಣ ಸ್ಪ್ಯಾನರ್ ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಗಂಡನ ಹೆಗಲ ಮೇಲೆ ಕೈಯಿಟ್ಟಿದ್ದರು. ಆಸ್ಪತ್ರೆಯಲ್ಲಿ ವೈದ್ಯರು ಬಂಧುಗಳ ಹೆಗಲ ಮೇಲಿಡುತ್ತಾರಲ್ಲ, ಹಾಗೆ.

"ಬಿಚ್ಚಿ ನೋಡಬಹುದಲ್ಲ ಅಣ್ಣ?" ಎಂದರು ಇವರು.

"ಬಿಚ್ಚಿದ್ರೆ ಮತ್ತೆ ಕೂಡಿಸೋಕೆ ಒಳಗಿನ ಸಾಮಾನು ಬೇಕಪ್ಪ. ಅದು ಸಿಗಲ್ಲ."

ಆಗಲಾದರೂ ನಾನು ಸುಮ್ಮನಿರಬಾರದಿತ್ತೇ? "ಇನ್ನು ನಾನೂ ನನ್ನ ಮಗಳೂ ಈ ಕಾರು ಹತ್ತೋದಿಲ್ಲ. ಒಂದೋ ಅದು, ಇಲ್ಲಾ ನಾವು" ಎಂದುಬಿಟ್ಟೆ.

ಇವರು ಜಗಳವಾಡುತ್ತಾರೆಂದು ಕಾದೆ. ಉತ್ತರಗಳನ್ನೂ ಸಿದ್ಧಮಾಡಿಕೊಂಡಿದ್ದೆ. ಇವರು ದೊರೆಸಾನಿಯ ಬಂಪರನ್ನು ಒಮ್ಮೆ ಅಂಗೈಯಿಂದ ಒರೆಸಿ, "ಸರಿ. ಗುಜರಿಯವರಿಗೆ ಹೇಳಿಬಿಡಣ್ಣ" ಎಂದರು, ಅಷ್ಟೇ. ದೊರೆಸಾನಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದೆವು; ಗುಜರಿಯವರು ಶನಿವಾರ ನಾಲ್ಕು ಗಂಟೆಗೆ ಅಲ್ಲಿಗೇ ಲಾರಿ ತರುವುದೆಂದಾಯಿತು. ಬಾಗಿಲು, ದೀಪ, ಕನ್ನಡಿ ಬಿಚ್ಚಿಕೊಂಡು, ಉಳಿದ ಮೈಯನ್ನು ಅಲ್ಲೇ ಕತ್ತರಿಸಿ ಒಯ್ಯುತ್ತಾರಂತೆ.

ಶನಿವಾರ ಮಧ್ಯಾಹ್ನ ಇವರು ಕಾರಿನಲ್ಲಿದ್ದ ಸಾಮಾನನ್ನೆಲ್ಲ ಒಂದು ಚೀಲಕ್ಕೆ ತುಂಬಿ ತಂದು ನಡುಮನೆಯಲ್ಲಿಟ್ಟರು. ಊಟಕ್ಕೆ ಕೂಡಲಿಲ್ಲ. "ಕೊನೇ ಸಲ ಜೊತೇಲಿರ್ತೀನಿ" ಎಂದು ಮತ್ತೆ ಗ್ಯಾರೇಜಿಗೆ ಹೊರಟೇಬಿಟ್ಟರು. ಮೊಬೈಲನ್ನು ಚೀಲದ ಮೇಲೆಯೇ ಮರೆತಿದ್ದರು.

ನನಗೆ ನೆಮ್ಮದಿಯಾಗಬೇಕಿತ್ತು. ಹೊಸ ಕಾರು ಬರುತ್ತದೆ, ಮೌನವಾದ ಕಾರು, ಎಡಕ್ಕೂ ಬಲಕ್ಕೂ ಒಂದೇ ಸಮನಾಗಿ ತಿರುಗುವ ಕಾರು. ಅದೇ ಸಂತೋಷದಲ್ಲಿ ಬಟ್ಟೆ ಮಡಿಸುತ್ತಿದ್ದೆ. ಪುಟ್ಟಿ ಅಂಬೆಗಾಲಿಟ್ಟು ಹೋಗಿ ಚೀಲ ಬೀಳಿಸಿದಳು. ಕೊಡೆ, ನಕ್ಷೆ, ಒಂದು ಒಂಟಿ ಕಾಲುಚೀಲ, ಒಂದು ತಗಡಿನ ಡಬ್ಬಿ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು.

ಆ ಸದ್ದು ಬಂತು.

ನಾನು ಅಭ್ಯಾಸಬಲದಿಂದ ಗೋಡೆ ಹಿಡಿದುಕೊಂಡೆ. ನಡುಮನೆ ಎಡಕ್ಕೆ ತಿರುಗಿರಲಿಲ್ಲ. ಪುಟ್ಟಿ ಇನ್ನೊಮ್ಮೆ ಅಲ್ಲಾಡಿಸಿ, ನನ್ನ ಮುಖ ನೋಡಿ ನಕ್ಕಳು. ಅದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಡಬ್ಬಿ ನನ್ನದೇ. ಪುಟ್ಟಿ ಹುಟ್ಟಿದ ತಿಂಗಳು, ಈ ಕಾರನ್ನು ನಂಬಲಾಗದೆ, ಒಂದು ಸೀಟಿ, ನಾಲ್ಕು ಸೆಲ್ಲು, ಪಿನ್ನು, ಗುಂಡಿ, ಚಮಚ ಎಲ್ಲ ತುಂಬಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಡಿಕ್ಕಿಯ ಪಕ್ಕದಲ್ಲಿ ಜಾಕ್ ಇಡುವ ಗೂಡಿನಲ್ಲಿ ಬಚ್ಚಿಟ್ಟಿದ್ದೆ. ಇವರು ಕಂಡರೆ ದೊರೆಸಾನಿಗೆ ಅವಮಾನ ಎನ್ನುತ್ತಾರೆಂದು ಹೇಳಿರಲಿಲ್ಲ. ಆಮೇಲೆ ನನಗೂ ಮರೆತಿತ್ತು. ಲಸಿಕೆಯ ದಿನ ಹಾಲು ಒರೆಸಲು ಎಳೆದದ್ದು ಆ ಬಟ್ಟೆಯನ್ನೇ.

ಗಡಿಯಾರ ನೋಡಿದೆ. ಮೂರು ಇಪ್ಪತ್ತು.

ಈಗ ನಿಮ್ಮ ಹತ್ತಿರ ಮುಚ್ಚುಮರೆಯೇಕೆ? ನಾನು ಮಾಡಿದ ಮೊದಲ ಕೆಲಸ, ಡಬ್ಬಿಯನ್ನು ಕಿತ್ತುಕೊಂಡು ಸಕ್ಕರೆ ಡಬ್ಬದ ಹಿಂದೆ ಅಡಗಿಸಿದ್ದು. ಸುಮ್ಮನಿದ್ದರೆ ಮುಗಿಯಿತು. ನಲವತ್ತು ನಿಮಿಷ ಬಾಯಿ ಮುಚ್ಚಿಕೊಂಡರೆ ಜನ್ಮವಿಡೀ ನಿಶ್ಶಬ್ದ. ಅಲ್ಲದೆ ಬುಶ್ಶು ಬಿಚ್ಚಿಸಿ, ಆಕ್ಸಲ್ ಬಿಚ್ಚಿಸಿ, ಕಡೆಗೆ ಮರಣದಂಡನೆ ಕೊಡಿಸಿ, ಈಗ "ಅದು ನನ್ನ ಚಮಚ" ಎನ್ನುವುದು ಹೇಗೆ?

ಪುಟ್ಟಿಯ ಅಳು ತಾರಕಕ್ಕೇರಿತು. ಅತ್ತೆ ಒಳಗಿನಿಂದ ಬಂದರು. "ಮಗೂನ ಯಾಕಮ್ಮ ಅಳಿಸ್ತೀಯ? ಕೊಡು ಆ ಡಬ್ಬೀನ. ಎಷ್ಟು ಚೆನ್ನಾಗಿ ಗಿಲಗಿಲ ಅಂತಿತ್ತು!"

"ಏನಂತಿತ್ತು?"

"ಗಿಲಗಿಲ. ಅದಕ್ಕೇ ಅಲ್ವಾ ಗಿಲಕಿ ಅನ್ನೋದು? ಅಷ್ಟೂ ಗೊತ್ತಿಲ್ವಾ ನಿನಗೆ?"

ಮೂರು ವಾರ ನಾಲಿಗೆಗೆ ಸಿಗದಿದ್ದ ಪದ ಮಗುವಿನ ಆಟಿಕೆಯಲ್ಲಿತ್ತು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಕಿವಿಯಣ್ಣನ ನಂಬರು. ಮಾತಾಡಿದ್ದು ಇವರು.

"ಕೇಳಿಲ್ಲಿ, ಹಾರ್ನ್ ಬಿಚ್ಚಿಕೊಂಡು ಬರ್ಲಾ? ಪುಟ್ಟಿಗೆ ಆ ಸದ್ದು ಇಷ್ಟ. ಆಡ್ಕೊಳ್ಳಕ್ಕಾಗುತ್ತೆ." ದನಿ ನೆಗಡಿಯಾದವರಂತಿತ್ತು. ಇವರಿಗೆ ನೆಗಡಿ ಇರಲಿಲ್ಲ.

"ಹಾರ್ನಾ... ಬೇಡ" ಎಂದೆ.

"ಬೇಡ್ವಾ? ಸರಿ ಬಿಡು" ಎಂದು ಇಟ್ಟುಬಿಟ್ಟರು.

ನಾನು ಅಡುಗೆಮನೆಯಲ್ಲಿ ನಿಂತೆ. ಮೂರು ನಲವತ್ತು. ಹಾಲಿನ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಮೂರು ನಲವತ್ತೆಂಟು. ಬಂಪರನ್ನು ಅಂಗೈಯಿಂದ ಒರೆಸಿದ ಆ ಕೈ ಕಣ್ಣ ಮುಂದಿನಿಂದ ಹೋಗಲೊಲ್ಲದು. ಚಕ್ರವಾದರೂ ಕಳಚಿ ಬಿದ್ದು ಒಂದು ಸಲ ಉರುಳಿಹೋಗುತ್ತಿತ್ತು. ಈ ಕೈ ಹೊಸ ಕಾರಿನಲ್ಲೂ ನನ್ನ ಪಕ್ಕದಲ್ಲೇ ಕೂರುತ್ತದೆ. ನಾನು ಇವರ ನಂಬರಿಗೆ ಒತ್ತಿದೆ. ಚೀಲದ ಪಕ್ಕ ಬಿದ್ದಿದ್ದ ಮೊಬೈಲು ನಡುಮನೆಯಲ್ಲೇ ಬಾರಿಸಿತು. ಹೌದಲ್ಲ! ಇನ್ನು ಉಳಿದದ್ದು ಒಬ್ಬರೇ. ‘ಗಡಗಡ’ ಎಂದ ಮೇಲೆ ಜಗತ್ತಿನಲ್ಲಿ ನಾನು ಯಾರ ಮುಂದೆ ಬಾಯಿ ಬಿಡಬಾರದೆಂದು ಆಣೆಯಿಟ್ಟಿದ್ದೆನೋ ಅವರು.

ಮೂರು ಐವತ್ತೆರಡಕ್ಕೆ ಕಿವಿಯಣ್ಣನಿಗೆ ಫೋನು ಮಾಡಿದೆ. ಹಿಂದೆ ಲಾರಿಯ ಎಂಜಿನ್ನು ಗುರ್ರೆನ್ನುತ್ತಿತ್ತು.

"ಹೇಳಮ್ಮ. ಬೇಗ ಹೇಳಿ, ಗುಜರಿಯವರು ಬಂದುಬಿಟ್ಟಿದಾರೆ."

"ಅಣ್ಣ, ಸದ್ದು... ಸದ್ದಿನ ಹೆಸರು ತಪ್ಪಾಗಿತ್ತು."

"ಮತ್ತೆ ತಪ್ಪಾ? ಇನ್ನ್ಯಾವುದಮ್ಮ ಉಳಿದಿರೋದು?"

ಸಕ್ಕರೆ ಡಬ್ಬದ ಹಿಂದಿನಿಂದ ನನ್ನ ಡಬ್ಬಿ ತೆಗೆದು, ಫೋನಿನ ಹತ್ತಿರ ಹಿಡಿದು, ಅಲ್ಲಾಡಿಸಿದೆ. ಆ ಕಡೆ ಮೂವತ್ತು ವರ್ಷ ಪಳಗಿದ ಕಿವಿ ಕೆಲಸ ಮಾಡುತ್ತಿತ್ತು.

"ಇದು ಗಿಲಗಿಲ" ಎಂದರು ಕಿವಿಯಣ್ಣ ನಿಧಾನವಾಗಿ. "ಇದು ಗಾಡಿ ಸದ್ದಲ್ಲ."

"ಅಲ್ಲ ಅಣ್ಣ. ಡಬ್ಬಿ. ಜಾಕ್ ಗೂಡಲ್ಲಿ ನಾನೇ ಇಟ್ಟಿದ್ದೆ."

"ಏಯ್, ಲಾರಿ ಆಫ್ ಮಾಡ್ರಪ್ಪಾ! ಯಾರೂ ಗಾಡಿ ಮುಟ್ಟಬೇಡಿ!" ಎಂಬ ಗುಡುಗು ಕೇಳಿತು. ಏನೋ ದಡಾರನೆ ಬಿತ್ತು. ಯಾರೋ ಓಡಿದರು. ಫೋನು ಸ್ಪೀಕರಿಗೆ ಬಿದ್ದು, ಕೈ ಬದಲಾಗಿ, ನನ್ನ ಗಂಡನ ಉಸಿರು ಕೇಳಿಸಿತು. ನೆಗಡಿ ವಾಸಿಯಾದ ಉಸಿರು.

"ಡಬ್ಬೀಲಿ ಏನಿದೆ?" ಎಂದರು.

ಸುಳ್ಳು ಹೇಳಲು ಇನ್ನೂ ಅವಕಾಶವಿತ್ತು. ಆದರೆ ಪುಟ್ಟಿ ಕಾಲ ಬುಡದಲ್ಲಿ ಕೈ ಚಾಚಿ ಕೂತಿದ್ದಳು, ಅತ್ತೆ ಬಾಗಿಲಿಗೊರಗಿ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು.

"ಅದು... ನಿಮ್ಮ ಕಾರು ದಾರೀಲಿ ಕೆಟ್ಟು ನಿಂತರೆ ಬೇಕಾಗುತ್ತೆ ಅಂತ ಇಟ್ಟ ಸಾಮಾನು ಕಣ್ರೀ."

ಆ ಕಡೆಯಿಂದ ಬಂದ ಸದ್ದಿಗೆ ಮಾತ್ರ ನಾನು ಯಾರನ್ನೂ ಹೆಸರು ಕೇಳಬೇಕಾಗಲಿಲ್ಲ. ನನ್ನ ಗಂಡ, ಕಿವಿಯಣ್ಣ, ಗುಜರಿಯವರು, ಲಾರಿಯವರು, ಎಲ್ಲರೂ ಸೇರಿ, ಗಹಗಹ.