ಕಿಟಕಿ ಸೀಟಿನ ಬಿ.ಕಾಂ.

ನಮ್ಮ ಮಾವ ಓದಿದ ಕಾಲೇಜಿಗೆ ಗಾಲಿಗಳಿದ್ದವು. ಹೀಗೆಂದರೆ ಜನ ನಗುತ್ತಾರೆ. ಆದರೆ ಸ್ಲೋ ಲೋಕಲ್ ರೈಲು ಬಿಟ್ಟು ಬೇರೆಲ್ಲಾದರೂ ಆತ ಒಂದಕ್ಷರ ಓದಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ.

ಮಾವ ಎಂದರೆ ಅವ್ವನ ತಮ್ಮ. ವಿಜಯಪುರದಿಂದ ಬಂದು ಡೊಂಬಿವಲಿಯಲ್ಲಿ ನಮ್ಮ ಜೊತೆಗೇ ಇದ್ದ. ಬೆಳಿಗ್ಗೆ ಠಾಣೆ ಊರಿನ ಕಾಲೇಜಿನಲ್ಲಿ ಬಿ.ಕಾಂ., ಮಧ್ಯಾಹ್ನದಿಂದ ಅಂಬರನಾಥದ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುವ ಕೆಲಸ. ಡಿಗ್ರಿ ತಂದರೆ ಅಲ್ಲೇ ಆಫೀಸಿನಲ್ಲಿ ಕುರ್ಚಿ ಕೊಡುತ್ತೇನೆಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಉಳಿದದ್ದೆಲ್ಲ ಪಾಸಾಯಿತು. ಅರ್ಥಶಾಸ್ತ್ರ ಒಂದು ಮಾತ್ರ ವರ್ಷಗಟ್ಟಲೆ ಆತನ ಕೈಗೆ ಸಿಗಲಿಲ್ಲ.

ಮನೆಯಲ್ಲಿ ಪುಸ್ತಕ ತೆರೆದರೆ ಗೊರಕೆ. ಕಿಟಕಿ ಸೀಟು ಬೇಕು, ಗಾಡಿ ಓಡುತ್ತಿರಬೇಕು, ಆಗಲೇ ಓದು ತಲೆಗೆ ಹತ್ತುವುದು. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಒಂದು ಕಾಲೂರಲು ಜಾಗ ಸಿಕ್ಕರೆ ಪುಣ್ಯ, ಇನ್ನು ಕಿಟಕಿಯೆಲ್ಲಿ ಬಂತು! ಹಾಗಾಗಿ ಮಾವ ಮೊದಲು ಉಲ್ಟಾ ದಿಕ್ಕಿನಲ್ಲಿ ಕಲ್ಯಾಣಕ್ಕೆ ಹೋಗಿ, ಗಾಡಿ ಖಾಲಿಯಾದೊಡನೆ ಕಿಟಕಿ ಹಿಡಿದು, ಅದರಲ್ಲೇ ವಾಪಸು ಬರುತ್ತಿದ್ದ. ಠಾಣೆ ಬಂದರೂ ಏಳುತ್ತಿರಲಿಲ್ಲ. ಸೀಟಿಗಾಗಿ ಕಾದವರು "ಭಾವೂ, ಉತರನಾ ಹೈ ಕ್ಯಾ?" ಎಂದು ಇಳಿಯುವ ಮಾತೆತ್ತಿದರೆ, "ನಹೀಂ, ಪಢನಾ ಹೈ", ಇಲ್ಲ, ಓದಬೇಕು, ಎನ್ನುತ್ತಿದ್ದ. ಕಾಲೇಜಿಗೆ ಹೋಗಲು ಪುರುಸೊತ್ತೇ ಆಗದಷ್ಟು ಓದು!

ಒಮ್ಮೆ ಆ ಗಾಡಿ ಕಲ್ಯಾಣದಿಂದ ವಾಪಸು ಬರದೆ ಗಾಡಿಗಳನ್ನು ನಿಲ್ಲಿಸಿಡುವ ಯಾರ್ಡಿಗೆ ನೇರ ಹೋಯಿತು. ಎಲ್ಲರೂ ಕಲ್ಯಾಣದಲ್ಲೇ ಇಳಿದಿದ್ದರು. ಸೀಟು ಬಿಡಲಾರದ ಮಾವ ಒಬ್ಬನೇ ಒಳಗೆ ಕೂತು ಸಂಜೆಗೆ ಮನೆಗೆ ಬಂದ.

"ಅಷ್ಟ್ ಹೊತ್ತು ಪುಸ್ತಕ ಪೂರಾ ಮುಗಿಸಿರಬೇಕಲ್ಲ?" ಅವ್ವ ಕೇಳಿದಳು.

"ಹೆಂಗ ಓದ್ಲಿ ಅಕ್ಕಾ? ಗಾಡಿ ನಿಂತಿತ್ತಲ್ಲ."

ಪಾಠಗಳೆಲ್ಲ ಆತನ ತಲೆಯಲ್ಲಿ ಸ್ಟೇಷನ್ ಪ್ರಕಾರ ಕೂತಿದ್ದವು. ಬೇಡಿಕೆ ದಿವಾದಲ್ಲಿ, ಪೂರೈಕೆ ಮುಂಬ್ರಾದಲ್ಲಿ. ಹಣದುಬ್ಬರದ ಹೊತ್ತಿಗೆ ಠಾಣೆಯ ಗದ್ದಲ ಶುರುವಾಗಿ ಅದು ಯಾವತ್ತೂ ಅರ್ಧಕ್ಕೇ ನಿಲ್ಲುತ್ತಿತ್ತು. ಪರೀಕ್ಷೆಯಲ್ಲಿ ಬೆಂಚಿನ ಮೇಲೆ ಕೂತು ಲೋಕಲ್ಲಿನ ಹಾಗೆ ತೂಗಾಡುತ್ತಿದ್ದನಂತೆ. ಮೇಲ್ವಿಚಾರಕಿ ಗಾಬರಿಯಾಗಿ "ತಬ್ಯೇತ್ ಬರೀ ಆಹೇ ನಾ?" ಎಂದು ಆರೋಗ್ಯ ವಿಚಾರಿಸಿದರೆ, ಸ್ವಲ್ಪ ತಡೀರಿ ಮ್ಯಾಡಮ್, ಇನ್ನೇನು ಮುಂಬ್ರಾ ಬಂತು ಎಂದನಂತೆ. ಆ ಸಲವೂ ಫೇಲು.

ನಾನು ಅದೇ ಕಾಲೇಜಿಗೆ ಸೇರಿದ ವರ್ಷ ಸಿಲಬಸ್ ಬದಲಾಯಿತು. ಹಳಬರಿಗೆ ಇದೇ ಕೊನೆಯ ಅವಕಾಶ ಎಂದು ಯುನಿವರ್ಸಿಟಿ ಹೇಳಿಬಿಟ್ಟಿತು. ಈ ಸಲ ಹೋದರೆ ಡಿಗ್ರಿಯೂ ಹೋಯಿತು, ಕುರ್ಚಿಯೂ ಹೋಯಿತು. ನನ್ನ ಮೊದಲ ಪರೀಕ್ಷೆಯೂ ಆತನ ಕೊನೆಯ ಪರೀಕ್ಷೆಯೂ ಒಂದೇ ದಿನ ಬಿದ್ದವು. ಮಾವ ಎಂದಿನಂತೆ ಮೊದಲೇ ಎದ್ದು ಕಲ್ಯಾಣಕ್ಕೆ ಹೋದ.

ಡೊಂಬಿವಲಿಯಲ್ಲಿ ನಾನು ಹೇಗೋ ನುಗ್ಗಿ ಒಳಗೆ ಬಿದ್ದೆ. ಕಲ್ಯಾಣದಿಂದಲೇ ಕಿಟಕಿ ಹಿಡಿದು ಕೂತಿದ್ದ ಮಾವ ನನ್ನ ಬ್ಯಾಗು ಹಿಡಿದೆಳೆದು, ತಾನು ಎದ್ದು ನಿಂತು ತನ್ನ ಸೀಟಿನಲ್ಲಿ ನನ್ನನ್ನು ಕೂರಿಸಿದ. ಮೇಲಿನ ಹಿಡಿಕೆಗೆ ಜೋತುಬಿದ್ದವನ ಕಂಕುಳಲ್ಲಿ ಅರ್ಥಶಾಸ್ತ್ರ ಮುಚ್ಚಿಕೊಂಡೇ ಇತ್ತು.

"ಮಾವ, ನಿನ್ನ ಹಣದುಬ್ಬರ ಇನ್ನೂ ಬಾಕಿ ಐತಲ್ಲ?"

"ನನಗ ಫೇಲಾಗಿ ರೂಢಿ ಐತಿ. ನಿನಗಿಲ್ಲ. ಸುಮ್ನ ಓದು."

ರಿಸಲ್ಟ್ ಬಂದ ದಿನ ಮಾವ ಪೇಡೆಯ ಡಬ್ಬಿ ಹಿಡಿದುಕೊಂಡು ನಗುತ್ತ ಮನೆಗೆ ಬಂದ. ನಾನು ಪಾಸಾದದ್ದು ಅವ್ವನಿಗೆ ಆಗಲೇ ಗೊತ್ತಿತ್ತು. ಅವಳು ಆಸೆಯಿಂದ ತಮ್ಮನ ಮುಖ ನೋಡಿದಳು.

"ನೀನೂ ಪಾಸಾದ್ಯೇನೋ?"

"ನಾ ಅಲ್ಲ ಅಕ್ಕಾ. ನನ್ನ ಸೀಟು ಪಾಸಾತು."

ಮರುದಿನ ಮಾವ ಪೆಟ್ಟಿಗೆ ಹೊರಲು ಅಂಬರನಾಥಕ್ಕೆ ಹೋದ.