ಕುರಿ ಮೇದದ್ದು ಯಾವ ರಾಜ್ಯದಲ್ಲಿ?

ಖಾಲಿ ಜಾಗ ಬಿಟ್ಟ ಯಾವ ಕಾಗದವನ್ನೂ ನಮ್ಮ ಸೋದರಮಾವನ ಕಣ್ಣಿಗೆ ಬೀಳಿಸಬಾರದು. ತುಂಬಿಬಿಡುತ್ತಾರೆ! ಲಗ್ನಪತ್ರಿಕೆಯಲ್ಲಿ 'ಶ್ರೀ' ಎಂದು ಬರೆದು ಮುಂದೆ ಚುಕ್ಕಿ ಇಟ್ಟಿರುತ್ತಾರಲ್ಲ, ಅಲ್ಲಿ ತಮ್ಮ ಹೆಸರು, ತಂದೆಯ ಹೆಸರು, ತಮ್ಮೂರು ಮಿಡಿಗೇಶಿಯ ಪಿನ್‌ಕೋಡ್ ಎಲ್ಲ ಬರೆದುಕೊಂಡ ಮನುಷ್ಯ ಅವರು. ಒಮ್ಮೆ ಬಡವನಹಳ್ಳಿಯ ಬ್ಯಾಂಕಿನಲ್ಲಿ ಯಾರೋ ಅಜ್ಜಿಗೆ ದುಡ್ಡು ತೆಗೆಯುವ ಚೀಟಿ ಬರೆದುಕೊಡಲು ಕೂತರು. ದುಡ್ಡು ಯಾತಕ್ಕೆ ಎಂದು ಕೇಳಿದರು, ಸೊಸೆಯ ಓಲೆಗೆ ಎಂದು ತಿಳಿಯಿತು. ಅತ್ತೆ ಸೊಸೆಯ ಜಗಳವನ್ನು ಬುಡದಿಂದ ಕೇಳಿ ಮುಗಿಸುವಷ್ಟರಲ್ಲಿ ಬ್ಯಾಂಕಿನವರು ಬಾಗಿಲು ಹಾಕಿದ್ದರು.

ಇಂಥವರ ಕೈಗೆ ನನ್ನ ಆದಾಯ ತೆರಿಗೆ ಸಿಕ್ಕಿತು. ಯಾಕೆ ಕೊಟ್ಟೆ ಎನ್ನುತ್ತೀರಾ? ಕೊಡದೆ ವಿಧಿಯಿಲ್ಲ! ನಮ್ಮ ಕಡೆಯವರಲ್ಲಿ ಮೊದಲು ಮೊಬೈಲು ಕೊಂಡವರು ಅವರೇ. ಹಾಗಾಗಿ ನನ್ನ ಆಧಾರಿನಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲದಕ್ಕೂ ಅವರದೇ ನಂಬರು. ನನ್ನ ಓಟಿಪಿ ಬರುವುದು ಅವರ ಜೇಬಿಗೆ.

ಕಳೆದ ವರ್ಷ ಬಿ.ಎ. ಓದುವಾಗ ಬೇಸಿಗೆ ರಜೆಯಲ್ಲಿ ನಾನು ಒಂದು ಖಾಸಗಿ ಸಂಸ್ಥೆಗೆ ಕುರಿ ಸಮೀಕ್ಷೆ ಮಾಡಿದ್ದೆ. ಪಾವಗಡದ ಹಳ್ಳಿಗಳಲ್ಲಿ ಒಂದಷ್ಟು ದಿನ, ಗಡಿ ದಾಟಿ ಆಂಧ್ರದ ಹಳ್ಳಿಗಳಲ್ಲಿ ಒಂದಷ್ಟು ದಿನ. ದುಡ್ಡು ಕೊಡುವಾಗ ಸಂಸ್ಥೆಯವರು ತೆರಿಗೆ ಎಂದು ಒಂದಿಷ್ಟು ಹಿಡಿದುಕೊಂಡಿದ್ದರು. ರಿಟರ್ನ್ ಹಾಕಿದರೆ ಅದು ವಾಪಸು ಬರುತ್ತದೆ. ಬಂದರೆ ಈ ವರ್ಷದ ಬಿ.ಎಡ್. ಫೀಸಿಗೆ ಕಡಿಮೆ ಬೀಳುತ್ತಿದ್ದಷ್ಟು ತುಂಬುತ್ತದೆ. ಬಾರದಿದ್ದರೆ ಸೀಟು ಬೇರೆಯವರಿಗೆ. ಫೀಸು ಕಟ್ಟುವ ಗಡುವಿಗೆ ಇನ್ನೂ ಎರಡು ತಿಂಗಳಿತ್ತು, ರಿಟರ್ನ್ ಹಾಕುವುದು ಹತ್ತು ನಿಮಿಷದ ಕೆಲಸ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಅವಳು ನಮ್ಮ ಮಾವನನ್ನು ನೋಡಿರಲಿಲ್ಲ.

ಮಾವ ಕನ್ನಡಕ ಏರಿಸಿಕೊಂಡು ಕೂತರು. ಎರಡು ರಾಜ್ಯದಲ್ಲಿ ದುಡಿದ ಮೇಲೆ ತೆರಿಗೆಯನ್ನೂ ಎರಡು ರಾಜ್ಯಕ್ಕೆ ಹಂಚಬೇಕಲ್ಲವೇ ಎಂಬುದು ಅವರ ಅನುಮಾನ. ಹಾಗೇನಿಲ್ಲ, ದೇಶಕ್ಕೆಲ್ಲ ಒಂದೇ ಎಂದೆ. ಕೇಳಿಸಿಕೊಂಡರು, ಅಷ್ಟೇ.

"ಯಾವ್ ದಿನ ಎಲ್ಲಿದ್ದೆ ಬರ್ಕೊಡಮ್ಮ. ಮಿಕ್ಕಿದ್ದು ನಾನ್ ನೋಡ್ಕಂತೀನಿ."

ಬರೆದುಕೊಟ್ಟೆ. ಆದರೆ ಪಾವಗಡದ ಗಡಿ ಸಾಮಾನ್ಯವೇ? ಒಂದೇ ಬಸ್ಸಿನಲ್ಲಿ ಕೂತವರಿಗೆ ಕನ್ನಡ ಬೋರ್ಡು, ತೆಲುಗು ಬೋರ್ಡು, ಮತ್ತೆ ಕನ್ನಡ ಬೋರ್ಡು! ನಾನು ಕುರಿಯ ಯಜಮಾನನನ್ನು ಮಾತಾಡಿಸಿದ್ದು ಈಚೆ, ಕುರಿ ಎಣಿಸಿದ್ದು ಆಚೆ. ಆ ದಿನದ ದುಡಿಮೆ ಯಾವ ರಾಜ್ಯದ್ದು? ಮಧ್ಯಾಹ್ನದ ಬುತ್ತಿ ಆಂಧ್ರದಲ್ಲಿ ಬಿಚ್ಚಿದ್ದರೆ ಅರ್ಧ ದಿನ ಅವರಿಗೆ ಬಿಟ್ಟುಕೊಡಬೇಕೇ? ನಾನು ಹಣೆ ಚಚ್ಚಿಕೊಂಡೆ. ಮಾವನಿಗೆ ಮಾತ್ರ ಹತ್ತು ವರ್ಷ ವಯಸ್ಸು ಕಡಿಮೆಯಾಗಿತ್ತು.

ಮರುದಿನದಿಂದ, ಯಾವ ಜಾಗ ಯಾವ ರಾಜ್ಯದ್ದೆಂದು ಕಣ್ಣಾರೆ ನೋಡಲು, ನನ್ನ ಪಟ್ಟಿ ಹಿಡಿದು ಬಸ್ಸು ಹತ್ತಿದರು. ಸಂಜೆ ಸಂಜೆಗೆ ಫೋನಿನಲ್ಲಿ ವರದಿ. ಒಂದು ಊರಿನಲ್ಲಿ ಇವರನ್ನು ತೆರಿಗೆ ಸಾಹೇಬರೆಂದು ತಿಳಿದು ಹಟ್ಟಿಗೆ ಹಟ್ಟಿಯೇ ಕುರಿಗಳನ್ನು ಗುಡ್ಡಕ್ಕೆ ಹೊಡೆದುಬಿಟ್ಟಿತಂತೆ. ಇನ್ನೊಂದು ಊರಿನಲ್ಲಿ ಕೊನೆಗೂ ಗಡಿಕಲ್ಲು ಸಿಕ್ಕಿತಂತೆ. ಆದರೆ ಯಾರೋ ಅದಕ್ಕೇ ಟಗರು ಕಟ್ಟಿದ್ದರಂತೆ! ಅದು ಸುತ್ತು ಹಾಕುತ್ತಾ ನಿಮಿಷಕ್ಕೊಮ್ಮೆ ರಾಜ್ಯ ಬದಲಿಸುತ್ತಿತ್ತು. ಇದನ್ನು ಯಾವ ಲೆಕ್ಕಕ್ಕೆ ಹಾಕಲಿ ಎಂದು ಮಾವ ನನ್ನನ್ನೇ ಕೇಳಿದರು.

ಹೀಗೆ ತಿಂಗಳು ಕಳೆಯಿತು. ಫೀಸಿನ ಗಡುವು ದಾಟಿ ಸೀಟು ಹೋದರೆ ಮತ್ತೆ ಬರುವುದಿಲ್ಲ ಮಾವ ಎಂದು ಅತ್ತುಕೊಂಡು ಜಗಳವಾಡಿ ಅವರನ್ನು ಮಧುಗಿರಿಯ ಒಬ್ಬ ಆಡಿಟರ ಮುಂದೆ ತಂದು ಕೂರಿಸಿದೆ. ಮಾವ ಪಟ್ಟಿ ಬಿಚ್ಚಿ, ರಾಜ್ಯಕ್ಕೊಂದರಂತೆ ದಿನಕ್ಕೆ ಎರಡು ಬಣ್ಣದ ಗೆರೆ ಎಳೆದದ್ದನ್ನು ತೋರಿಸಿದರು. ಆಡಿಟರು ತುಂಬ ಮರ್ಯಾದೆಯಿಂದ ನೋಡಿ ಹೇಳಿದರು:

"ಎಲ್ಲಿ ದುಡಿದ್ರಿ ಅಂತ ರಾಜ್ಯ ಕೇಳೋ ಕಾಲಮ್ಮೇ ಇದ್ರಾಗಿಲ್ಲ ಯಜಮಾನ್ರೇ."

ಓಟಿಪಿ ಬಂತು, ರಿಟರ್ನ್ ಹೋಯಿತು. ಹನ್ನೊಂದು ನಿಮಿಷ. ಹೆಚ್ಚಿನ ಒಂದು ನಿಮಿಷ ಯಾಕೆಂದರೆ, ಆಡಿಟರ ಅತ್ತೆ ಮನೆ ಕೊರಟಗೆರೆಯೋ ಶಿರಾವೋ ಎಂದು ಮಾವ ವಿಚಾರಿಸಿದ್ದರು. ದುಡ್ಡು ಗಡುವಿಗೆ ನಾಲ್ಕು ದಿನ ಮುಂಚೆ ಬಂತು, ಸೀಟೂ ಉಳಿಯಿತು, ಅದು ಆಮೇಲಿನ ಮಾತು.

ಅವತ್ತು ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ನಾನು ಮಾವನ ಮೇಲೆ ಹರಿಹಾಯ್ದೆ. ತಿಂಗಳು ಪೂರ್ತಿ ತಿರುಗಿದ್ದೆಲ್ಲ ದಂಡವಾಯಿತಲ್ಲ ಎಂದೆ. ಮಾವ ಪಟ್ಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

"ದಂಡ ಯಾಕಾಯ್ತದೆ ಬುಡು. ಆ ಕಡೆ ಊರಾಗೆ ಕುರಿ ಕಾಯೋ ಒಬ್ಬಮ್ಮ ಸಿಕ್ಕಿದ್ಲು. ನೀನು ಬಿಸ್ಲಾಗೆ ಜ್ಞಾನ ತಪ್ಪಿ ಬಿದ್ದೋಗಿದ್ಯಂತೆ. ಅಂಬಲಿ ಕುಡ್ಸಿ ಸಂಜೆಗಂಟ ಮಡ್ಲಾಗೆ ಮಲಗಿಸ್ಕಂಡಿದ್ಲಂತೆ. ಮಾರನೇ ದಿನ ಮತ್ತೆ ಎಣಿಸಾಕೋಗಿದ್ದೀಯ. ಮನೇಲಿ ಒಂದ್ ಮಾತು ಹೇಳ್ಲಿಲ್ವಲ್ಲಮ್ಮ."

ಹೇಳಿದ್ದರೆ ಕೆಲಸ ಬಿಡಿಸುತ್ತಿದ್ದಿರಿ, ಕೆಲಸ ಬಿಟ್ಟರೆ ಓದು ನಿಲ್ಲುತ್ತಿತ್ತು ಎಂದೆ.

"ನಿಮ್ಮವ್ವಂಗೆ ನಾನೂ ಹೇಳಿಲ್ಲ. ಆವಮ್ಮಂಗೆ ಒಂದು ಸೀರೆ ಕೊಟ್ಟು, ಕಾಲಿಗೆ ಬಿದ್ದು ಬಂದೆ. ಇನ್ಮ್ಯಾಲೆ ಫೀಸಿಗೆ ಕಮ್ಮಿ ಬಿದ್ರೆ ನಂಗೇಳು, ಬಿಸ್ಲಿಗೆ ಹೋಗ್ಬ್ಯಾಡ."

ಅಷ್ಟು ಜನರ ನಡುವೆ ನಾನು ಮಾವನ ಭುಜಕ್ಕೆ ತಲೆಯಿಟ್ಟು ಅತ್ತೆ. ವರ್ಷದ ಹಿಂದೆ ಆ ಬಯಲಿನಲ್ಲಿ, ಯಾರೂ ನಮ್ಮವರಿಲ್ಲವೆಂದು ನುಂಗಿಕೊಂಡಿದ್ದ ಅಳು ಅದು.